ಮೊದಲ ನೆರೆಮನೆ

ಅಕ್ಟೋಬರಿನ ಮೂರನೆಯ ವಾರ. ಗುಡ್ಡದ ಇಳಿಜಾರಿನ ಜರಿಗಿಡವೆಲ್ಲ ಹಸಿರು ಕಳೆದುಕೊಂಡು ತುಕ್ಕಿನ ಬಣ್ಣಕ್ಕೆ ಬಂದಿತ್ತು. ಬೆಳಗಿನ ಇಬ್ಬನಿ ಆರಿದ ಮೇಲೆ ಕೊಯ್ಯಬೇಕು, ಎರಡು ದಿನ ಬಿಸಿಲಿಗೆ ಬಿಡಬೇಕು, ಮಳೆ ಹಿಡಿಯುವುದರೊಳಗೆ ಕೊಟ್ಟಿಗೆಯ ಅಟ್ಟ ಸೇರಿಸಬೇಕು. ಚಳಿಗಾಲವಿಡೀ ಕುರಿಗಳ ಕಾಲಡಿಗೆ ಹಾಸುವುದಕ್ಕೆ ನಮ್ಮ ಕಡೆ ಇದೇ. ನಾನು ಮೇಲಿನಿಂದ ಯಂತ್ರ ಹಿಡಿದು ಕೊಯ್ಯುತ್ತ ಬರುತ್ತಿದ್ದೆ. ನನ್ನ ಹೆಂಡತಿ ಮೈದೆರ್ ಕೆಳಗೆ ಮರದ ಹಲುಬೆಯಿಂದ ಎಳೆದು ಸಾಲು ಮಾಡುತ್ತಿದ್ದಳು. ಕಣಿವೆಯ ಆಚೆ ದಿಣ್ಣೆಯಲ್ಲಿ ಕಾಡುಪಾರಿವಾಳ ಹೊಡೆಯುವವರ ಕೋವಿ ಆಗಾಗ ಸದ್ದು ಮಾಡುತ್ತಿತ್ತು.

ಯಂತ್ರ ಹಿಡಿದರೆ ನನ್ನ ಬಲಗೈ ಇಪ್ಪತ್ತು ನಿಮಿಷಕ್ಕೆ ಜೋಮು ಹಿಡಿಯುತ್ತದೆ. ಕುತ್ತಿಗೆಯ ಎರಡು ಮೂಳೆಗಳನ್ನು ಲೋಹದ ಪಟ್ಟಿ ಇಟ್ಟು ಬೆಸೆದಿದ್ದಾರೆ. ಅಲ್ಲಿಂದ ಹೊರಟ ನರವೊಂದು ತನ್ನ ಮನಸ್ಸು ಬಂದ ಹಾಗೆ ಇರುತ್ತದೆ. ಅದಕ್ಕೇ ಇಪ್ಪತ್ತು ನಿಮಿಷ ಕೊಯ್ದು ಐದು ನಿಮಿಷ ನಿಲ್ಲುತ್ತೇನೆ. ನಿಂತಾಗ ಮೋಡ ನೋಡುವವನ ಹಾಗೆ ಸೊಂಟದ ಮೇಲೆ ಕೈ ಇಟ್ಟುಕೊಳ್ಳುವುದು ರೂಢಿ. ಮೈದೆರಳಿಗೆ ಗೊತ್ತು. ಊರಿಗೆ ಗೊತ್ತಿಲ್ಲ.

ಹಾಗೆ ನಿಂತಿದ್ದಾಗಲೇ ಚರ್ಚಿನ ಗಂಟೆ ಕೇಳಿದ್ದು. ಎರಡು ಹೊಡೆತ, ಬಿಡುವು. ಮತ್ತೆ ಎರಡು, ಬಿಡುವು. ಗಂಡಸಾದರೆ ಮೂರು ಹೊಡೆಯುತ್ತಾರೆ.

ಮೈದೆರ್ ಹಲುಬೆ ನಿಲ್ಲಿಸಿದಳು. "ಹೆಂಗಸು."

"ಲಾರಾಲ್ದೆಯ ಅಮಾಚಿ ಇರಬೇಕು" ಎಂದೆ.

ಅಮಾಚಿ ಎಂದರೆ ಅಜ್ಜಿ. ಲಾರಾಲ್ದೆ ಮನೆಯ ಕಟಾಲಿನ್ ಅಮ್ಮನನ್ನು ಮೊಮ್ಮಕ್ಕಳು ಹುಟ್ಟುವ ಮುಂಚಿನಿಂದಲೂ ಊರೆಲ್ಲ ಹಾಗೇ ಕರೆಯುತ್ತಿತ್ತು. ಎಂಬತ್ತೆಂಟು ವರ್ಷ, ಬೇಸಗೆಯಿಂದ ಹಾಸಿಗೆ ಹಿಡಿದಿದ್ದರು.

ಮೈದೆರ್ ಹಲುಬೆಯ ಹಲ್ಲಿಗೆ ಸಿಕ್ಕಿದ್ದ ಜರಿಗಿಡ ಬಿಡಿಸಿದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು: "ನಮಗೆ ಯಾರೂ ಬಂದು ಹೇಳಲಿಲ್ಲವಲ್ಲ."

ನಾನೂ ಅದನ್ನೇ ಯೋಚಿಸುತ್ತಿದ್ದೆ. ನಮ್ಮ ಕಡೆ ಪ್ರತಿ ಮನೆಗೂ ಒಂದು ಮೊದಲ ನೆರೆಮನೆ ಇರುತ್ತದೆ. ಅದನ್ನು ಯಾರೂ ಆರಿಸಿಕೊಳ್ಳುವುದಿಲ್ಲ, ಬಿಡುವುದಕ್ಕೂ ಆಗುವುದಿಲ್ಲ. ಅದು ಮನುಷ್ಯರಿಗಲ್ಲ, ಗೋಡೆಗಳಿಗೆ ಸೇರಿದ ಸಂಬಂಧ. ಲಾರಾಲ್ದೆಗೆ ನಮ್ಮ ಮನೆ ಬಿದಾರ್ತೆ, ಬಿದಾರ್ತೆಗೆ ಲಾರಾಲ್ದೆ. ಒಂದರಲ್ಲಿ ಸಾವಾದರೆ ಗಂಟೆಗಿಂತ ಮೊದಲು, ಪಾದ್ರಿಗಿಂತ ಮೊದಲು, ಬಂಧುಗಳಿಗಿಂತಲೂ ಮೊದಲು ಇನ್ನೊಂದಕ್ಕೆ ಸುದ್ದಿ ಬರಬೇಕು. ಅಲ್ಲಿಂದ ಮುಂದೆ ಸತ್ತವರ ಮನೆಯವರು ಕೈಕಟ್ಟಿ ಕೂರುತ್ತಾರೆ. ಮನೆಮನೆಗೆ ಹೋಗಿ ಹೇಳುವುದು, ದನಕ್ಕೆ ಹಾಕುವುದು, ಬಂದವರಿಗೆ ಬೇಯಿಸುವುದು, ಶಿಲುಬೆ ಹಿಡಿದು ಶವಪೆಟ್ಟಿಗೆಯ ಮುಂದೆ ನಡೆಯುವುದು, ಎಲ್ಲ ನೆರೆಮನೆಯದು. ಬೇಲಿ ಜಗಳ ಆಡಿ ಹತ್ತು ವರ್ಷ ಮಾತು ಬಿಟ್ಟ ಮನೆಗಳೂ ಇದನ್ನು ಬಿಟ್ಟಿಲ್ಲ.

ನನಗೆ ಹೇಳದೆ ಗಂಟೆ ಹೊಡೆಸಿದ್ದರು. ಊರಿನಲ್ಲಿ ಅದನ್ನು ಕೇಳಿಸಿಕೊಂಡವರಿಗೆಲ್ಲ, ನಾನು ಗುಡ್ಡದ ಮೇಲೆ ಯಂತ್ರ ಹಿಡಿದು ನಿಂತಿರುವುದೂ ಕಾಣುತ್ತಿತ್ತು.

"ಹೋಗಿ ಬರ್ತೀನಿ" ಎಂದೆ.

"ಈ ಬಟ್ಟೇಲೇನಾ, ಬೆತ್ತಿರಿ?"

"ಕರೆಯದೇ ಇದ್ದ ಮನೆಗೆ ಸೂಟು ಹಾಕ್ಕೊಂಡು ಹೋದ್ರೆ ಇನ್ನೂ ಚೆನ್ನಾಗಿರುತ್ತೆ."

ಲಾರಾಲ್ದೆಯ ಅಂಗಳ ನನಗೆ ನಮ್ಮ ಮನೆಯ ಅಂಗಳದಷ್ಟೇ ಗೊತ್ತು. ನಾನು ರಗ್ಬಿ ಕಲಿತದ್ದೇ ಅಲ್ಲಿ. ಅಮಾಚಿಯ ಗಂಡ ಶಾಲ್ಬಾತ್ ಮಾವ ತಮ್ಮ ಕಾಲದಲ್ಲಿ ಊರ ತಂಡದ ಮುಂದಿನ ಸಾಲಿನಲ್ಲಿ ಆಡಿದವರು. ಆ ಸಾಲಿನ ಎರಡು ತುದಿಯವರಿಗೆ ಕಂಬ ಎನ್ನುತ್ತಾರೆ. ಎಂಟು ಜನ ಕಟ್ಟಿಕೊಂಡು, ಎದುರಿನ ಎಂಟು ಜನರ ಭುಜಗಳ ನಡುವೆ ತಲೆ ತೂರಿಸಿ ತಳ್ಳುವ ಸ್ಕ್ರಮ್‌ನಲ್ಲಿ ಎಲ್ಲ ಭಾರ ಬಂದು ನಿಲ್ಲುವುದು ಈ ಕಂಬಗಳ ಕುತ್ತಿಗೆಯ ಮೇಲೆ. ಮಾವ ಜರಿಗಿಡ ಎಳೆಯುವ ಮರದ ಜಾರುಬಂಡಿಗೆ ಕಲ್ಲು ಹೇರಿ, ಅದರ ಮೇಲೆ ತಾವೂ ಕೂತು, ಬೀಡಿಯಷ್ಟು ಸಣ್ಣ ಸಿಗರೇಟು ಸುತ್ತಿಕೊಂಡು, ನನ್ನನ್ನೂ ಅವರ ಮಗ ಪಶ್ಕಾಲನನ್ನೂ ತಳ್ಳಲು ಹಚ್ಚುತ್ತಿದ್ದರು. "ಕುತ್ತಿಗೆಯಿಂದ ತಳ್ಳಬೇಡ ಕಣೋ ಕತ್ತೆ! ಸೊಂಟದಿಂದ! ಕುತ್ತಿಗೆ ಇರೋದು ಟೋಪಿ ಹಾಕ್ಕೊಳ್ಳೋಕೆ!" ಬಂಡಿ ಕೊಟ್ಟಿಗೆಯ ಬಾಗಿಲು ದಾಟಿದರೆ ಅಮಾಚಿ ಹುರಿದ ಹಂದಿಮಾಂಸದ ತುಂಡಿಟ್ಟ ಬ್ರೆಡ್ಡು ಕೊಡುತ್ತಿದ್ದರು. ದಾಟದಿದ್ದರೂ ಕೊಡುತ್ತಿದ್ದರು, ಮಾವನ ಬೆನ್ನ ಹಿಂದೆ.

ನನ್ನ ಅಪ್ಪ ನನಗೆ ಹತ್ತೊಂಬತ್ತಾಗಿದ್ದಾಗ ಸತ್ತರು. ಶಿಲುಬೆ ಹಿಡಿದವರು ಶಾಲ್ಬಾತ್ ಮಾವ. ಮರುವರ್ಷ ಚೀಸ್ ಸಾಗಿಸುವ ತಮ್ಮ ವ್ಯಾನಿನಲ್ಲಿ ನನ್ನನ್ನು ಪಟ್ಟಣದ ದೊಡ್ಡ ಕ್ಲಬ್ಬಿನ ಪರೀಕ್ಷೆಗೆ ಕರೆದುಕೊಂಡು ಹೋದವರೂ ಅವರೇ. ಮೈಯೆಲ್ಲ ಚೀಸಿನ ವಾಸನೆ ಹೊತ್ತು ಮೈದಾನಕ್ಕಿಳಿದೆ. ಸಂಜೆ ವಾಪಸು ಬರುವಾಗ ನನ್ನ ಕೈಯಲ್ಲಿ ಸಂಬಳದ ಒಪ್ಪಂದವಿತ್ತು. ಮಾವ ದಾರಿಯುದ್ದಕ್ಕೂ ಹಾಡಿದರು. ಶ್ರುತಿ ಎಲ್ಲೂ ಹತ್ತಿರ ಸುಳಿಯಲಿಲ್ಲ.

ಪಶ್ಕಾಲ್ ಕೊಟ್ಟಿಗೆಯಲ್ಲಿದ್ದ. ನನ್ನ ವಾರಿಗೆಯವನು, ನಲವತ್ತೇಳು. ದನಗಳ ಮುಂದೆ ಒಣಹುಲ್ಲು ಹಾಕುತ್ತಿದ್ದ. ತಾಯಿ ಸತ್ತ ದಿನ ಅವನು ಮಾಡಬಾರದ ಕೆಲಸ ಅದು. ನಾನು ಕೈ ನೀಡಿ ಕವೆಗೋಲು ತೆಗೆದುಕೊಳ್ಳಲು ಹೋದೆ. ಅವನು ಬಿಡಲಿಲ್ಲ.

"ಯಾವಾಗ?" ಎಂದೆ.

"ಬೆಳಗಿನ ಜಾವ. ನಿದ್ದೇಲೇ ಹೋದ್ರು."

"ನನಗೆ ಹೇಳಬೇಕಿತ್ತು, ಪಶ್ಕಾಲ್."

"ಫೋನ್ ಮಾಡಿದೆ."

"ನನಗೆ ಬರಲಿಲ್ಲ."

"ನಿನಗಲ್ಲ. ಚರ್ಚಿಗೆ. ಪಟ್ಟಣದವರಿಗೆ. ಗುರುವಾರ ಹತ್ತು ಗಂಟೆಗೆ ಅವರ ವ್ಯಾನು ಬರುತ್ತೆ, ಪೆಟ್ಟಿಗೆ ಇಟ್ಕೊಂಡು ಡಾಂಬರು ರಸ್ತೇಲಿ ಹೋಗುತ್ತೆ. ಯಾರಿಗೂ ತೊಂದರೆ ಇಲ್ಲ."

"ಶಿಲುಬೆ?"

"ವ್ಯಾನಿನ ಮುಂದೆ ಶಿಲುಬೆ ಹಿಡ್ಕೊಂಡು ಓಡ್ತೀಯಾ?"

ಅವನ ಅಕ್ಕ ಗ್ರಾಶಿ ಮನೆಯೊಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಊದಿತ್ತು. "ಅಮ್ಮ ವ್ಯಾನು ಬೇಡ ಅಂದಿದ್ರು" ಎಂದಳು. "ಹಳೇ ದಾರೀಲೇ ಒಯ್ಯಿರಿ, ಅಪ್ಪ ಹೋದ ದಾರಿ ಅಂದಿದ್ರು. ನನ್ನ ಹತ್ರಾನೂ ಹೇಳಿದ್ರು, ಇವನ ಹತ್ರಾನೂ ಹೇಳಿದ್ರು."

"ಯಾವ ದಾರಿ ಅಕ್ಕಾ?" ಪಶ್ಕಾಲನ ದನಿ ಏರಿತು. "ದಾರಿ ಎಲ್ಲಿದೆ? ಅಪ್ಪನ್ನ ಒಯ್ದ ಮೇಲೆ ಅಲ್ಲಿ ಯಾರೂ ಕಾಲಿಟ್ಟಿಲ್ಲ. ಎದೆಮಟ್ಟ ಜರಿಗಿಡ, ಮುಳ್ಳು. ಹದಿನೆಂಟು ವರ್ಷ!"

ಪ್ರತಿ ಮನೆಯಿಂದ ಚರ್ಚಿಗೆ ಹೆಣದ ದಾರಿ ಎಂದು ಒಂದಿರುತ್ತದೆ. ಲಾರಾಲ್ದೆಯದು ಕೊಟ್ಟಿಗೆಯ ಹಿಂದಿನಿಂದ ಹಳ್ಳಕ್ಕಿಳಿದು, ಚಪ್ಪಡಿಕಲ್ಲಿನ ಸೇತುವೆ ದಾಟಿ, ಚೆಸ್ಟ್‌ನಟ್ ಮರಗಳ ತೋಪಿನಲ್ಲಿ ಏರಿ ಚರ್ಚಿನ ಹಿಂಬದಿಗೆ ಮುಟ್ಟುತ್ತದೆ. ಒಂದೂವರೆ ಕಿಲೋಮೀಟರು. ಅದನ್ನು ಸವರಿ ಇಡಬೇಕಾದದ್ದೂ ಮೊದಲ ನೆರೆಮನೆಯವನೇ. ಇಷ್ಟು ವರ್ಷ ನಾನು ಸವರಿರಲಿಲ್ಲ. ಆ ಕಡೆ ನೋಡುವುದನ್ನೇ ಬಿಟ್ಟಿದ್ದೆ.

"ನಾಳೆ, ನಾಡಿದ್ದು, ಎರಡು ದಿನ ಇದೆ" ಎಂದೆ. "ನಾನು ಸವರ್ತೀನಿ."

ಪಶ್ಕಾಲ್ ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದ. "ಯಾವ ಕುತ್ತಿಗೆ ಇಟ್ಕೊಂಡು?"

"ನನ್ನ ಕುತ್ತಿಗೆ ವಿಷಯ ನಿನಗೇನು ಗೊತ್ತು?"

"ಊರ ತಂಡದಲ್ಲಿ ಹನ್ನೊಂದು ವರ್ಷ ಸ್ಕ್ರಮ್‌ನಲ್ಲಿ ನಿನ್ನ ಹಿಂದೆ ನಿಂತು ತಳ್ಳಿದವನು ಕಣಯ್ಯಾ. ನಿನ್ನ ಮುಖಕ್ಕಿಂತ ನಿನ್ನ ಅಂಡು ನನಗೆ ಚೆನ್ನಾಗಿ ಗೊತ್ತು." ಕವೆಗೋಲನ್ನು ಗೋಡೆಗೆ ಒರಗಿಸಿದ. "ಸವರ್ತೀಯೋ, ಸವರು. ಆದರೆ ವ್ಯಾನು ಬೇಡ ಅಂತ ನಾನು ಹೇಳಲ್ಲ. ನಿನ್ನ ನಂಬಿಕೊಂಡು ಕೂತು, ಒಂದ್ಸಲ ಆಗಿದ್ದು ಸಾಕು."

ನಾನು ಗುಡ್ಡಕ್ಕೆ ವಾಪಸು ಹೋಗಿ ಮೈದೆರಳಿಗೆ ಹೇಳಿದೆ.

ಮೈದೆರ್ ಬೈಯಲಿಲ್ಲ. ಕೊಯ್ದು ಬಿಟ್ಟಿದ್ದ ನಮ್ಮ ಜರಿಗಿಡದ ಕಡೆ ನೋಡಿ, "ಗುರುವಾರ ಮಳೆ ಅಂತಾರೆ" ಎಂದಳಷ್ಟೆ. ಆಮೇಲೆ ಉದ್ದ ಹಿಡಿಯ ಎರಡು ಕುಡುಗೋಲು ತಂದು ಮಸೆದಳು.

ಬುಧವಾರದ ಮಧ್ಯಾಹ್ನಕ್ಕೆ ಚಪ್ಪಡಿ ಸೇತುವೆಯ ಆಚೆ ತೋಪಿನ ಅರ್ಧ ಮುಟ್ಟಿದ್ದೆ. ಹಳ್ಳಕ್ಕೆ ಯಂತ್ರ ಇಳಿಯುವುದಿಲ್ಲ, ಎಲ್ಲ ಕುಡುಗೋಲಿನ ಕೆಲಸ. ಜರಿಗಿಡದ ಒಳಗೆ ಮುಳ್ಳುಬಳ್ಳಿ, ಮುಳ್ಳುಬಳ್ಳಿಯ ಒಳಗೆ ಬಿದ್ದ ಕೊಂಬೆ. ಬಲಗೈ ಜೋಮು ಹಿಡಿದಾಗ ಎಡಗೈಗೆ ದಾಟಿಸುತ್ತಿದ್ದೆ. ಎಚೆಗೋಯೆನ್ ಮನೆಯ ಮಾನೆಷ್ ಮಾವ ತಾವಾಗಿಯೇ ಬಂದರು. ಎಪ್ಪತ್ತೆರಡು ವರ್ಷ, ನಮ್ಮೆರಡು ಮನೆ ದಾಟಿದರೆ ಸಿಗುವ ಮೂರನೆಯ ಮನೆಯವರು. ಹದಿನೆಂಟು ವರ್ಷದ ಹಿಂದೆ ಶಾಲ್ಬಾತ್ ಮಾವನ ಶವದ ಮುಂದೆ ನನ್ನ ಬದಲು ಶಿಲುಬೆ ಹಿಡಿದವರು.

"ದೇಶಕ್ಕೆಲ್ಲ ಗೊತ್ತಿದ್ದ ಕಂಬ" ಎಂದರು ಕುಡುಗೋಲು ಮಸೆಯುತ್ತ. "ಜರಿಗಿಡದ ಮುಂದೆ ಹೇಗೆ ಬಾಗಿದೆ ನೋಡು."

"ನೀವು ಮಾತಾಡೋಕೆ ಬಂದ್ರೋ, ಕೊಯ್ಯೋಕೆ ಬಂದ್ರೋ?"

"ಎರಡಕ್ಕೂ. ಒಂದಕ್ಕೇ ಅಂದಿದ್ರೆ ಮನೇಲೇ ಇರ್ತಿದ್ದೆ, ಅಲ್ಲಿ ಹೆಂಡತಿ ಮಾತಾಡ್ತಾಳೆ." ಸ್ವಲ್ಪ ಕೊಯ್ದ ಮೇಲೆ ಅಂದರು: "ಆ ಹೂವಿನ ಚಕ್ರ ನೆನಪಿದೆಯೇನೋ? ಅಯ್ಯಪ್ಪಾ! ಎರಡು ಜನ ಹೊರಬೇಕಾಯ್ತು. ಪೆಟ್ಟಿಗೆಗೆ ಆರು, ಹೂವಿಗೆ ಎರಡು. ಈ ಏರಿನಲ್ಲಿ ನನ್ನ ದೊಡ್ಡ ಮಗ ಅದನ್ನ ಹೊತ್ತು ಬೈದದ್ದು ಪಾದ್ರಿಗೂ ಕೇಳಿಸಿತ್ತು."

ಅವರು ನಗಿಸಲು ಹೇಳಿದ್ದು. ನಾನು ನಕ್ಕೆ. ಕುಡುಗೋಲು ಬೀಸುತ್ತ ಬೀಸುತ್ತ ಆ ವಾರವೆಲ್ಲ ಕಣ್ಣಮುಂದೆ ಬಂತು.

ಅದು ಜೂನ್ ತಿಂಗಳು. ನನಗೆ ಇಪ್ಪತ್ತೊಂಬತ್ತು. ಮೈಯಲ್ಲಿ ಆಗ ಇದ್ದ ಬಲವನ್ನು ಈಗ ಹೇಳಿದರೆ ಬೇರೆ ಯಾರದೋ ವಿಷಯ ಹೇಳಿದ ಹಾಗಿರುತ್ತದೆ. ಶನಿವಾರ ಪ್ಯಾರಿಸ್ಸಿನಲ್ಲಿ ದೇಶದ ಚಾಂಪಿಯನ್‌ಶಿಪ್ಪಿನ ಫೈನಲ್ ಆಟ. ಬುಧವಾರ ಗ್ರಾಶಿಯ ಫೋನ್ ಬಂತು: ಅಪ್ಪ ಹುಲ್ಲಿನ ಗಾಡಿಯ ಪಕ್ಕದಲ್ಲೇ ಕುಸಿದು ಹೋದರು, ಶನಿವಾರ ಬೆಳಿಗ್ಗೆ ಮಣ್ಣು. ನಮ್ಮ ಮನೆಯಲ್ಲಿ ಆಗ ಗಂಡಸು ಎಂದರೆ ನಾನೊಬ್ಬನೇ. ತರಬೇತಿ ಮುಗಿಸಿ ಬಂದು ಕೋಣೆಯಲ್ಲಿ ಕೂತೆ. ಗುರುವಾರ ಮನೆಗೆ ಫೋನ್ ಮಾಡಿ, ಕೋಚ್ ಬಿಡುತ್ತಿಲ್ಲ ಎಂದೆ. ಅತಿ ದೊಡ್ಡ ಹೂವಿನ ಚಕ್ರ ಯಾವುದಿದೆಯೋ ಅದನ್ನು ಕಳಿಸಿರಿ ಎಂದು ಕ್ಲಬ್ಬಿನ ಆಫೀಸಿಗೆ ಹೇಳಿದೆ. ಕ್ಲಬ್ಬಿನ ಬಣ್ಣದ ರಿಬ್ಬನ್ನು, ಅದರ ಮೇಲೆ ಚಿನ್ನದ ಅಕ್ಷರದಲ್ಲಿ ನನ್ನ ಹೆಸರು. ಹೆಗಲು ಕೊಡಬೇಕಾದಲ್ಲಿ ಹೂವು ಕಳಿಸಿದ್ದೆ. ಆಗ ಅದು ದೊಡ್ಡ ಮನಸ್ಸಿನ ಕೆಲಸ ಎಂದೇ ಅಂದುಕೊಂಡಿದ್ದೆ.

ಆಟದ ರಾತ್ರಿ ಎಂಬತ್ತು ಸಾವಿರ ಜನ. ಕೊನೆಯ ನಾಲ್ಕು ನಿಮಿಷ, ನಾವು ಎರಡು ಅಂಕ ಹಿಂದೆ, ಅವರ ಗೆರೆಯ ಹತ್ತಿರ ಸ್ಕ್ರಮ್. ಎಂಟೂ ಜನರ ಉಸಿರು ಒಂದೇ ಸಲ ಒಳಗೆ ಹೋಯಿತು. ನನ್ನ ಎದುರಿನವನು ಒಂದು ಗೇಣು ಜರುಗಿದ. ಮನುಷ್ಯನೊಬ್ಬ ಕುತ್ತಿಗೆಯಲ್ಲಿ ಸೋಲುವುದು ಎದುರಿನವನ ಕುತ್ತಿಗೆಗೆ ಮೊದಲು ಗೊತ್ತಾಗುತ್ತದೆ, ನೋಡುವವರಿಗೆ ಆಮೇಲೆ. ಇನ್ನೊಂದು ಗೇಣು. ಆಮೇಲೆ ಅವರ ಸಾಲು ಹಳೆಯ ಗೋಡೆಯ ಹಾಗೆ ಕುಸಿಯಿತು. ರೆಫರಿಯ ಸೀಟಿ, ದಂಡದ ಒದೆತ, ಮೂರು ಅಂಕ. ಒಂದೇ ಒಂದು ಅಂಕದಿಂದ ಗೆದ್ದೆವು. ಅಂಥ ಸುಖ ನನ್ನ ಬದುಕಿನಲ್ಲಿ ಮತ್ತೊಮ್ಮೆ ಬರಲಿಲ್ಲ. ಮಕ್ಕಳು ಹುಟ್ಟಿದಾಗಲೂ ಇಲ್ಲ, ಇದನ್ನು ಮೈದೆರಳಿಗೆ ಹೇಳಿಲ್ಲ.

ಸೋಮವಾರ ಊರಿಗೆ ಗೆದ್ದ ಫಲಕ ತಂದರು. ನನ್ನನ್ನು ಟ್ರ್ಯಾಕ್ಟರಿನ ಗಾಡಿಯ ಮೇಲೆ ನಿಲ್ಲಿಸಿ, ಫಲಕವನ್ನು ನನ್ನ ಕೈಗೆ ಕೊಟ್ಟು, ಹಿಂದೆ ಮುಂದೆ ಹಾರ್ನು ಹೊಡೆಯುತ್ತ ಎಲ್ಲ ಮನೆಗಳ ಮುಂದೆ ಒಯ್ದರು. ಲಾರಾಲ್ದೆಯ ಮುಂದೆಯೂ ಹೋಯಿತು. ಕಿಟಕಿಗಳ ಹಲಗೆಗಳೆಲ್ಲ ಮುಚ್ಚಿದ್ದವು. ಹುಲ್ಲು ಕೊಯ್ಯಲು ಹೋಗಿರಬೇಕು ಎಂದು ನನ್ನ ಮನಸ್ಸಿಗೆ ಬಂತು. ಹಾಗೆಯೇ ಬಂತು, ಮಣ್ಣು ಮಾಡಿ ಎರಡು ದಿನವಾಗಿದೆ ಎಂಬುದು ಹೊಳೆಯಲೇ ಇಲ್ಲ. ಫಲಕ ಎತ್ತಿ ಹಿಡಿದೇ ಇದ್ದೆ.

ಅಮಾಚಿ ಆ ಬಗ್ಗೆ ಒಂದು ದಿನವೂ ಮಾತೆತ್ತಲಿಲ್ಲ. ಭಾನುವಾರ ಪೂಜೆಯ ನಂತರ ಸಿಕ್ಕರೆ, "ಸರಿಯಾಗಿ ತಿಂತಿದ್ದೀಯೇನೋ?" ಎಂದು ಮೊದಲಿನ ಹಾಗೇ ಕೇಳುತ್ತಿದ್ದರು. ನಾನು ಬೈಗುಳಕ್ಕೆ ಕಾದೆ. ಬರಲಿಲ್ಲ. ಮೂವತ್ತೈದಕ್ಕೆ ಕ್ಲಬ್ಬು ನನ್ನನ್ನು ಬಿಟ್ಟಿತು. ಹೊಸ ವರ್ಷದ ಒಪ್ಪಂದವಿಲ್ಲ ಎಂದು ಒಬ್ಬ ಹುಡುಗಿ ಫೋನಿನಲ್ಲಿ ಹೇಳಿ, ನನ್ನ ಹೆಸರನ್ನು ತಪ್ಪಾಗಿ ಉಚ್ಚರಿಸಿ, ಶುಭವಾಗಲಿ ಎಂದಳು. ಎರಡು ವರ್ಷ ಮೇವಿನ ಲಾರಿ ಓಡಿಸಿದೆ. ಬೆಳಿಗ್ಗೆ ಎದ್ದರೆ ಮೂಗಿನಿಂದ ನೆತ್ತಿಯವರೆಗೆ ನೋವು. ಪೇಟೆಗೆ ಹೋದರೆ ಕಾರು ಎಲ್ಲಿ ನಿಲ್ಲಿಸಿದೆ ಎಂಬುದು ಮರೆಯುತ್ತಿತ್ತು. ಹೋಟೆಲಿನಲ್ಲಿ ಜನ ಗುರುತು ಹಿಡಿದು ಗ್ಲಾಸು ತುಂಬಿಸುತ್ತಿದ್ದರು, ಆ ಸ್ಕ್ರಮ್ ಬಗ್ಗೆಯೇ ಕೇಳುತ್ತಿದ್ದರು. ನಾನೂ ಹೇಳುತ್ತಿದ್ದೆ. ಆಮೇಲೆ ಮೈದೆರ್ ಬಂದು, ಕುರಿಗಳು ಕಾಯುತ್ತಿವೆ ಎಂದು ಕರೆದುಕೊಂಡು ಹೋಗುತ್ತಿದ್ದಳು. ಕೊನೆಗೆ ಕುರಿಗಳೇ ಉಳಿದವು, ಒಳ್ಳೆಯದೇ ಆಯಿತು.

ಅವ್ವ ಆರು ವರ್ಷದ ಹಿಂದೆ ಸತ್ತಾಗ ನಾನು ಲಾರಾಲ್ದೆಗೆ ಹೋಗಿ ಹೇಳಿ ಬಂದೆ. ಅರ್ಧ ಗಂಟೆಯಲ್ಲಿ ಪಶ್ಕಾಲ್ ಕಪ್ಪು ಕೋಟು ಹಾಕಿಕೊಂಡು ಬಂದು ನಿಂತ. ಮೂರು ದಿನ ಎಲ್ಲ ಮಾಡಿದ. ಬೇಕಾದಷ್ಟೇ ಮಾತು, ಒಂದು ಹೆಚ್ಚಿಲ್ಲ. ಅವನು ಕೆಲಸ ಮಾಡಿದಷ್ಟೂ ನಾನು ಕುಗ್ಗುತ್ತ ಹೋದೆ.

ಸಂಜೆ ಐದಾಗಿತ್ತು. ಮಾನೆಷ್ ಮಾವ ಮನೆಗೆ ಹೋಗಿದ್ದರು. ಚರ್ಚಿನ ಹಿಂಗೋಡೆಗೆ ಇನ್ನು ಮೂವತ್ತು ಹೆಜ್ಜೆ ಉಳಿದಿತ್ತು. ಕೆಳಗಿನಿಂದ ಯಾರೋ ಏರಿ ಬರುವ ಸದ್ದಾಯಿತು. ಪಶ್ಕಾಲ್. ಮನೆಯಿಂದ ದಾರಿಯುದ್ದಕ್ಕೂ ನಡೆದು ಬಂದಿದ್ದ. ಕಡಿದ ಬುಡಗಳನ್ನು ಬೂಟಿನಿಂದ ಒದ್ದು ನೋಡುತ್ತ ಬಂದು, ನನ್ನಿಂದ ಸ್ವಲ್ಪ ದೂರದಲ್ಲಿ ನಿಂತ.

"ಸೇತುವೆ ಹತ್ರ ಇಳಿಜಾರು ಜಾಸ್ತಿ" ಎಂದ. "ಹೊತ್ತವರ ಕಾಲು ಜಾರುತ್ತೆ."

"ಮರಳು ಹಾಕ್ತೀನಿ."

"ಹೂಂ."

ಹೋಗಲಿಲ್ಲ. ಚೆಸ್ಟ್‌ನಟ್ ಕಾಯೊಂದನ್ನು ಕಾಲಡಿಗೆ ಇಟ್ಟು ಅದರ ಮುಳ್ಳುಸಿಪ್ಪೆ ಬಿಡಿಸಿದ. ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎನ್ನಿಸಿತು.

"ಪಶ್ಕಾಲ್, ಅವತ್ತು ಕೋಚ್ ಬಿಡಲಿಲ್ಲ ಅಂದಿದ್ದೆ."

"ಗೊತ್ತು. ನೂರು ಸಲ ಹೇಳಿದ್ದೀಯ."

"ನಾನು ಕೇಳಲೇ ಇಲ್ಲ."

ಅವನು ತಲೆ ಎತ್ತಲಿಲ್ಲ.

"ಕೇಳಿದ್ರೆ ಹೋಗು ಅಂದುಬಿಡ್ತಾರೆ ಅಂತ ಹೆದರಿಕೆ ಆಯ್ತು. ಹೋದರೆ ನನ್ನ ಅಂಗಿ ಇನ್ನೊಬ್ಬ ಹಾಕ್ಕೋತಾನೆ. ಅದಕ್ಕೇ ಕೇಳಲಿಲ್ಲ. ಯಾರೂ ನನ್ನ ಹಿಡಿದಿರಲಿಲ್ಲ."

ತೋಪಿನಲ್ಲಿ ಕಾಯಿ ಬೀಳುವ ಸದ್ದು ಅಲ್ಲೊಂದು ಇಲ್ಲೊಂದು. ಪಶ್ಕಾಲ್ ಕಾಯಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡ.

"ಅಮ್ಮ ಅವತ್ತೇ ಅಂದಿದ್ರು" ಎಂದ ನಿಧಾನವಾಗಿ. "ಹೂವು ಬಂದ ದಿನಾನೇ. ಅವನು ಕೇಳಿಲ್ಲ ಕಣೋ, ಬಡಪಾಯಿ, ಅಂತ. ನಾನು ಜಗಳ ಆಡಿದೆ. ಇಲ್ಲ, ಬೆತ್ತಿರಿ ಕೇಳಿರ್ತಾನೆ, ಆ ಕೋಚ್ ಹಾಳಾದವನು ಬಿಟ್ಟಿಲ್ಲ ಅಂತ. ನಿನ್ನ ಪರವಾಗಿ ಅಮ್ಮನ ಹತ್ರ ಜಗಳ ಆಡಿದೆ ಕಣೋ, ದರಿದ್ರದವನೇ!"

ಕೂಗಿದ ದನಿಗೆ ಮೇಲಿನ ಗೋಡೆಯಿಂದ ಕಾಗೆಯೊಂದು ಹಾರಿತು. ಹೊಡೆಯುತ್ತಾನೇನೋ ಅಂದುಕೊಂಡೆ. ಹೊಡೆದಿದ್ದರೆ ಬೇಡ ಅನ್ನುತ್ತಿರಲಿಲ್ಲ.

ಅವನು ತಿರುಗಿ ಹತ್ತು ಹೆಜ್ಜೆ ಇಳಿದ. ಅಲ್ಲಿಂದಲೇ, ಬೆನ್ನು ಈ ಕಡೆ ಇರುವಂತೆಯೇ, ಹೇಳಿದ: "ವ್ಯಾನಿನವರಿಗೆ ಬೇಡ ಅಂತ ಹೇಳ್ತೀನಿ. ಶಿಲುಬೆ ಒಂಬತ್ತಕ್ಕೆ ಮನೇಲಿರಬೇಕು."

ಗುರುವಾರ ಮೋಡ ಕವಿದಿತ್ತು, ಮಳೆ ಇನ್ನೂ ಬಿದ್ದಿರಲಿಲ್ಲ. ಚರ್ಚಿನ ಶಿಲುಬೆ ಆಳುದ್ದಕ್ಕಿಂತ ಎತ್ತರದ ಕೋಲು, ತುದಿಯಲ್ಲಿ ಹಿತ್ತಾಳೆ. ಏಳು ಕಿಲೋ ಇರಬಹುದು. ಭಾರ ದೊಡ್ಡದಲ್ಲ, ಆದರೆ ಎಲ್ಲ ಭಾರವೂ ಮೇಲೆ. ಹೊತ್ತವರು ಹೆಗಲು ಬದಲಾಯಿಸಬಹುದು, ಶಿಲುಬೆಯವನು ಕೈ ಬದಲಾಯಿಸುವಂತಿಲ್ಲ. ಮನೆಯಿಂದ ಚರ್ಚಿನ ಬಾಗಿಲವರೆಗೆ ಅದು ನೆಲಕ್ಕೆ ತಾಗಬಾರದು. ಬೆಳಿಗ್ಗೆಯೇ ಚರ್ಚಿನಿಂದ ತಂದು ನಮ್ಮ ಅಡುಗೆಮನೆಯಲ್ಲಿ ಹಿಡಿದು ನೋಡಿದ್ದೆ. ಹದಿನೈದು ನಿಮಿಷಕ್ಕೆ ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು. ಮೈದೆರ್ ಹಿಡಿಯದಿದ್ದರೆ ದೀಪ ಒಡೆಯುತ್ತಿತ್ತು.

"ಪಶ್ಕಾಲನಿಗೆ ಹೇಳು" ಎಂದಳು. "ಮಾನೆಷ್ ಮಾವ ಹಿಡೀತಾರೆ."

"ಇನ್ನೊಂದ್ಸಲವಾ?"

ಅವಳು ಅಟ್ಟದಿಂದ ನನ್ನ ಹಳೆಯ ಚೀಲ ಇಳಿಸಿದಳು. ಆಟಕ್ಕೆ ಮುಂಚೆ ಕೀಲುಗಳಿಗೆ ಸುತ್ತುವ ಬಿಳಿ ಅಂಟುಪಟ್ಟಿಯ ಎರಡು ಸುರುಳಿ ಅದರಲ್ಲಿತ್ತು. ಹದಿನೈದು ವರ್ಷ ಯಾರ್ಯಾರೋ ನನಗೆ ಅದನ್ನು ಸುತ್ತಿದ್ದರು. ಮೈದೆರ್ ಸುತ್ತಿದ್ದು ಅದೇ ಮೊದಲು. ಲಾರಾಲ್ದೆಯ ಅಂಗಳಕ್ಕೆ ಹೋಗುವ ಮುಂಚೆ, ಬೇಲಿಯ ಮರೆಯಲ್ಲಿ ನಿಂತು, ನನ್ನ ಬಲಗೈಯನ್ನು ಶಿಲುಬೆಯ ಕೋಲಿಗೆ ಸೇರಿಸಿ ಮಣಿಕಟ್ಟಿನಿಂದ ಬೆರಳ ಗೆಣ್ಣಿನವರೆಗೆ ಬಿಗಿದು ಸುತ್ತಿದಳು, ಹಲ್ಲಿನಿಂದ ಹರಿದಳು. ಮೇಲೆ ಕಪ್ಪು ಕೋಟಿನ ತೋಳು ಎಳೆದಳು.

"ಬಿಗಿಯಾಯ್ತಾ?"

"ಗೊತ್ತಾಗಲ್ಲ."

"ಹಾಗಾದ್ರೆ ಸರಿ ಇದೆ."

ಗ್ರಾಶಿ ಬಾಗಿಲು ತೆರೆದಳು. ಆರು ಜನ ಪೆಟ್ಟಿಗೆ ಎತ್ತಿದರು, ಮುಂದಿನ ಬಲಗಡೆ ಪಶ್ಕಾಲನೇ ಹೆಗಲು ಕೊಟ್ಟಿದ್ದ. ಮಗ ಹೊರುವುದು ರೂಢಿಯಲ್ಲ, ಆದರೂ ಯಾರೂ ಏನೂ ಅನ್ನಲಿಲ್ಲ. ನಾನು ಮುಂದೆ ನಡೆದೆ.

ಹಳ್ಳದವರೆಗೆ ಇಳಿಜಾರು ಸಲೀಸು. ಚಪ್ಪಡಿಯ ಮೇಲೆ ಮರಳು ಕಚಗುಟ್ಟಿತು, ಯಾರೂ ಜಾರಲಿಲ್ಲ. ಏರು ಶುರುವಾದಾಗ ಬಲಗೈ ನನ್ನದಲ್ಲದ ಹಾಗಾಯಿತು. ಬೆರಳುಗಳು ಕಣ್ಣಿಗೆ ಕಾಣುತ್ತಿದ್ದವು, ಅಷ್ಟೆ. ಭಾರ ಎಡಗೈಗೆ ಬಂತು, ಅಲ್ಲಿಂದ ಭುಜಕ್ಕೆ, ಭುಜದಿಂದ ಕುತ್ತಿಗೆಗೆ. ಕಾಯಿಸಿದ ತಂತಿಯೊಂದು ಕಿವಿಯ ಹಿಂದಿನಿಂದ ಇಳಿದ ಹಾಗೆ. ಹಿತ್ತಾಳೆ ಒಮ್ಮೆ ಎಡಕ್ಕೆ ವಾಲಿತು. ಕೋಲನ್ನು ಎದೆಗೊತ್ತಿಕೊಂಡು ನೆಟ್ಟಗೆ ಮಾಡಿದೆ. ಹಿಂದೆ ಹೆಂಗಸರ ಜಪಸರದ ಗುಣುಗುಣು, ಹೊತ್ತವರ ಉಸಿರು. ತಿರುಗಿ ನೋಡಲು ನನ್ನ ಕುತ್ತಿಗೆ ಹೇಗೂ ತಿರುಗುವುದಿಲ್ಲ. ಅವರು ಹೆಗಲು ಬದಲಾಯಿಸಲು ಎರಡು ಸಲ ನಿಂತರು. ನಾನೂ ನಿಂತೆ, ಅದು ನಡೆಯುವುದಕ್ಕಿಂತ ಕಷ್ಟ. ಹೆಜ್ಜೆ ಎಣಿಸಲಿಲ್ಲ. ಕಾಲ ಮುಂದಿನ ಬುಡಗಳನ್ನೇ ನೋಡುತ್ತ, ಇದು ನಿನ್ನೆ ಕಡಿದದ್ದು, ಇದು ಮಾನೆಷ್ ಮಾವ ಕಡಿದದ್ದು ಎಂದುಕೊಳ್ಳುತ್ತ ಏರಿದೆ.

ಚರ್ಚಿನ ಬಾಗಿಲಲ್ಲಿ ಶಿಲುಬೆಯನ್ನು ಗೂಡಿಗೆ ಸಿಕ್ಕಿಸಬೇಕು. ಕೋಲು ಇಳಿಸಿದೆ, ಕೈ ಬಿಡಲಿಲ್ಲ. ಪಟ್ಟಿಯನ್ನು ಎಡಗೈಯಿಂದ ಕೀಳಲು ನೋಡಿದೆ. ಅಂಚು ಸಿಗಲಿಲ್ಲ. ಪಾದ್ರಿ ಕಾಯುತ್ತಿದ್ದರು. ಪೆಟ್ಟಿಗೆ ಇಳಿಸಿದ ಪಶ್ಕಾಲ್ ನನ್ನ ಹತ್ತಿರ ಬಂದ. ಕೋಟಿನ ತೋಳು ಸರಿಸಿ ನೋಡಿದ. ಜೇಬಿನ ಚಾಕು ಬಿಚ್ಚಿ, ಮಣಿಕಟ್ಟಿನ ಕಡೆಯಿಂದ ಜಾಗ್ರತೆಯಾಗಿ ಪಟ್ಟಿ ಸೀಳಿದ. ಕೈ ಸತ್ತ ಹಕ್ಕಿಯ ಹಾಗೆ ಜೋತುಬಿತ್ತು.

"ಎಷ್ಟು ದಿನದಿಂದ ಹೀಗೆ?"

"ಏಳು ವರ್ಷ."

"ನನಗೆ ಹೇಳಬೇಕಿತ್ತು."

"ನೀನೂ ಹೇಳಲಿಲ್ಲವಲ್ಲ."

ಚಾಕು ಮಡಚಿ ಜೇಬಿಗೆ ಹಾಕಿಕೊಂಡು ತಾಯಿಯ ಹಿಂದೆ ಒಳಗೆ ಹೋದ.

ಮಣ್ಣಾದ ಮೇಲೆ ಲಾರಾಲ್ದೆಯ ಉದ್ದ ಮೇಜಿನಲ್ಲಿ ಊಟ. ಮೈದೆರ್ ಸೂಪು ಬಡಿಸುತ್ತಿದ್ದಳು. ಕರುವಿನ ಮಾಂಸದ ಸಾರು, ಕುರಿಹಾಲಿನ ಚೀಸ್, ವೈನ್. ಮಳೆ ಕೊನೆಗೂ ಹಿಡಿದಿತ್ತು. ನಮ್ಮ ಜರಿಗಿಡ ಗುಡ್ಡದ ಮೇಲೆ ನೆನೆಯುತ್ತಿತ್ತು. ಪಶ್ಕಾಲ್ ನನ್ನ ಎದುರು ಬಂದು ಕೂತು, ನನ್ನ ತಟ್ಟೆಯ ಮಾಂಸವನ್ನು ಕೇಳದೆಯೇ ಸಣ್ಣ ತುಂಡು ಮಾಡಿದ. ಮಾನೆಷ್ ಮಾವ ನೋಡಿ, "ಇನ್ನು ತಿನ್ನಿಸಿಬಿಡು" ಎಂದರು. ಜನ ನಕ್ಕರು.

"ಅಮ್ಮನದು ಆಯ್ತು" ಎಂದ ಪಶ್ಕಾಲ್, ನನಗೆ ಮಾತ್ರ ಕೇಳುವ ಹಾಗೆ.

"ಮಾವನದು?"

ಅವನು ಬಹಳ ಹೊತ್ತು ಅಗಿದ. "ಅದು ಹಾಗೇ ಇರುತ್ತೆ. ತೀರಿಸಬೇಕು ಅಂದ್ರೆ ಅಪ್ಪ ಇನ್ನೊಂದ್ಸಲ ಸಾಯ್ಬೇಕು."

"ಗೊತ್ತು."

"ಗೊತ್ತಿದ್ರೆ ಸಾಕು." ನನ್ನ ಗ್ಲಾಸಿಗೆ ವೈನ್ ಬಗ್ಗಿಸಿದ, ಅರ್ಧಕ್ಕಿಂತ ಸ್ವಲ್ಪ ಮೇಲೆ. "ಕುಡಿದು ಏಳು. ದನಕ್ಕೆ ಹಾಕೋ ಹೊತ್ತಾಯ್ತು. ಇವತ್ತು ನಾನು ಹೋಗೋ ಹಾಗಿಲ್ಲ. ಮೂಲೆಯ ಕೆಂದ ಹಸು ಒದೆಯುತ್ತೆ, ಎಡಗಡೆಯಿಂದ ಹೋಗು."

ನಾನು ಕುಡಿದು ಎದ್ದೆ.